ಕಡಿಮೆ ತಿನ್ನಬೇಕಾದವರು ಯಾರು?

ನಮ್ಮ ಹಾಸ್ಟೆಲ್‌ನಲ್ಲಿ ಮಾಂಸದ ಬಗ್ಗೆ ಚರ್ಚೆ ಶುರುವಾದರೆ ಅದಕ್ಕೊಂದು ಫಿಕ್ಸ್ ಆದ ಸ್ಕ್ರಿಪ್ಟ್ ಇದೆ. ಒಬ್ಬ "ಪ್ರಾಣಿ ತಿನ್ನೋದಕ್ಕೇ ಈ ವೈರಸ್ ಎಲ್ಲ ಬರೋದು" ಅಂತಾನೆ. ಇನ್ನೊಬ್ಬ "ನಮ್ಮ ಮುತ್ತಾತ ತಿಂದೇ ತೊಂಬತ್ತು ವರ್ಷ ಬದುಕಿದ್ದ, ಹೋಗಲೇ" ಅಂತಾನೆ. ಮೂರನೆಯವನು ಮೊಬೈಲ್ ತೆಗೆದು ಬಿರಿಯಾನಿ ಆಫರ್ ತೋರಿಸ್ತಾನೆ. ಅಲ್ಲಿಗೆ ಚರ್ಚೆ ಮುಗೀತು.

ಮೊದಲ ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ. ಆದರೆ ಇಬ್ಬರೂ ಕೇಳ್ತಿರೋದು "ಮಾಂಸ ತಿನ್ನಬೇಕಾ ಬೇಡ್ವಾ" ಅನ್ನೋ ಪ್ರಶ್ನೆ. ಯಾರು, ಯಾವ ಮಾಂಸ, ಎಷ್ಟು ಅಂತ ಯಾರೂ ಕೇಳಲ್ಲ. ನನ್ನ ಅಭಿಪ್ರಾಯ ಇಷ್ಟು: ವೈರಸ್ ಭಯದ ಕಾರಣಕ್ಕೆ ಮಾಂಸ, ಅದರಲ್ಲೂ ಫಾರಂ ಕೋಳಿ, ಕಡಿಮೆ ತಿನ್ನಬೇಕು ಅನ್ನೋ ವಾದ ಸರಿಯಾಗಿಯೇ ಇದೆ. ಆದರೆ ಆ ವಾದವನ್ನು ಎಲ್ಲರ ತಟ್ಟೆ ಮುಂದೆ ಒಂದೇ ಥರ ಇಡೋಕೆ ಆಗಲ್ಲ. ಕಡಿಮೆ ಮಾಡಬೇಕಾದವರ ಪಟ್ಟಿಯಲ್ಲಿ ಮೊದಲು ನಿಲ್ಲಬೇಕಾದವರು ನಾವು, ಅಂದರೆ ವಾರಕ್ಕೆ ನಾಲ್ಕು ಸಲ ಚಿಕನ್ ತಿನ್ನೋ ಕಾಲೇಜು ಹುಡುಗ ಹುಡುಗಿಯರು. ಶಾಲೆಯಲ್ಲಿ ಒಂದು ಮೊಟ್ಟೆಗೆ ಕಾಯೋ ಮಗು ಆ ಪಟ್ಟಿಯಲ್ಲೇ ಇಲ್ಲ.

ದೂರದ ಉದಾಹರಣೆ ಬೇಡ, ಪಕ್ಕದಿಂದಲೇ ಶುರು ಮಾಡೋಣ. 2025ರ ಫೆಬ್ರವರಿ ಕೊನೆಯ ಹೊತ್ತಿಗೆ ಸಂಡೂರು ತಾಲ್ಲೂಕಿನ ಕುರೇಕುಪ್ಪದ ಸರ್ಕಾರಿ ಜಾನುವಾರು ಕೇಂದ್ರದಲ್ಲಿ ಸಾಕಿದ್ದ ಕೋಳಿಗಳು ಒಂದರ ಹಿಂದೆ ಒಂದು ಸತ್ತವು. ಎರಡು ಸಾವಿರಕ್ಕೂ ಹೆಚ್ಚು. ಕಾರಣ ಹಕ್ಕಿಜ್ವರ, ಎಚ್5ಎನ್1 ವೈರಸ್. ಕುರೇಕುಪ್ಪ ಅಂದರೆ ತೋರಣಗಲ್ ಪಕ್ಕ. ಸ್ಟೀಲ್ ಪ್ಲಾಂಟ್‌ಗೆ ಇಂಡಸ್ಟ್ರಿಯಲ್ ವಿಸಿಟ್ ಹೋದವರೆಲ್ಲ ಆ ಕಡೆ ಬಸ್ಸಲ್ಲಿ ಹಾದು ಹೋಗಿರ್ತೀರಿ. ಅದೇ ದಿನಗಳಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲೂ ಹಕ್ಕಿಜ್ವರ ಪತ್ತೆಯಾಯಿತು. ಪಕ್ಕದ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಂತೂ ಲಕ್ಷಗಟ್ಟಲೆ ಕೋಳಿ ಸತ್ತವು. ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗುವೊಂದು ಇದೇ ವೈರಸ್‌ನಿಂದ ತೀರಿಹೋಯಿತು.

ಇಂಥ ಕಡೆ ಸರ್ಕಾರ ಏನು ಮಾಡುತ್ತೆ ಅನ್ನೋದಕ್ಕೆ ನಿಯಮ ಇದೆ. ಸೋಂಕು ಸಿಕ್ಕ ಜಾಗದಿಂದ 1 ಕಿಲೋಮೀಟರ್ ಒಳಗಿನ ಸಾಕುಕೋಳಿಗಳನ್ನೆಲ್ಲ ಕೊಂದು ಹೂಳಬೇಕು. ರೋಗ ಇದ್ದದ್ದು, ಇಲ್ಲದ್ದು, ಫಾರಂನದ್ದು, ಅಜ್ಜಿ ಹಿತ್ತಲಲ್ಲಿ ಸಾಕಿದ್ದು ಎಲ್ಲವನ್ನೂ. ಅಲ್ಲಿಂದ 10 ಕಿಲೋಮೀಟರ್‌ವರೆಗೆ ನಿಗಾ. ಪಿಪಿಇ ಕಿಟ್ ಹಾಕ್ಕೊಂಡು ಕೋಳಿ ಹಿಡಿಯೋ ಸಿಬ್ಬಂದಿಯ ಫೋಟೋ ನೋಡಿದಾಗ ನಮ್ಮ ಬ್ಯಾಚ್‌ನವರಿಗೆ ಬೇರೇನೂ ನೆನಪಾಗಲ್ಲ. ನಾವು ಪರೀಕ್ಷೆ ಬರೆಯದೇ ಎಂಟನೇ ಕ್ಲಾಸ್ ಪಾಸಾದವರು. ಲಾಕ್‌ಡೌನ್ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇರಲಿ, ಕೋವಿಡ್ ಎಲ್ಲಿಂದ ಬಂತು ಅನ್ನೋ ಜಗಳ ಇನ್ನೂ ನಡೀತಿದೆ, ಅದನ್ನು ಪಕ್ಕಕ್ಕಿಡೋಣ. ಜಗಳವೇ ಇಲ್ಲದ ಉದಾಹರಣೆಗಳೇ ಸಾಕಷ್ಟಿವೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಮೊದಲ ಸಲ ಕೋಳಿಯಿಂದ ನೇರ ಮನುಷ್ಯರಿಗೆ ಬಂತು. 18 ಜನರಿಗೆ ಸೋಂಕು, 6 ಸಾವು. ಅಲ್ಲಿನ ಸರ್ಕಾರ ಊರಿನ ಕೋಳಿಗಳನ್ನೆಲ್ಲ ಕೊಂದಿತು. 1998-99ರಲ್ಲಿ ಮಲೇಷ್ಯಾದಲ್ಲಿ ಹಂದಿ ಫಾರಂಗಳ ಪಕ್ಕದಲ್ಲೇ ಹಣ್ಣಿನ ಮರ ಬೆಳೆಸಿದ್ದರು. ಬಾವಲಿ ಕಚ್ಚಿ ಬಿಟ್ಟ ಹಣ್ಣು ಹಂದಿ ತಿಂತು, ಹಂದಿಯಿಂದ ಕೆಲಸಗಾರರಿಗೆ ನಿಪಾ ವೈರಸ್ ಬಂತು. ನೂರಕ್ಕೂ ಹೆಚ್ಚು ಜನ ಸತ್ತರು, ಸುಮಾರು ಹತ್ತು ಲಕ್ಷ ಹಂದಿಗಳನ್ನು ಕೊಲ್ಲಬೇಕಾಯಿತು. 2009ರ ಎಚ್1ಎನ್1 ಹಂದಿಗಳಲ್ಲಿ ಓಡಾಡ್ತಿದ್ದ ಜ್ವರದ ವೈರಸ್‌ಗಳಿಂದ ಹುಟ್ಟಿದ್ದು. ಭಾರತದ ಕೋಳಿಗಳಲ್ಲಿ ಎಚ್5ಎನ್1 ಮೊದಲು ಕಂಡಿದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ.

ಈಗ ಎಂಜಿನಿಯರಿಂಗ್ ಭಾಷೆಗೆ ಬರ್ತೀನಿ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ಹಾಗಾಗಿ ಕೆಲವು ಪದಗಳಿಗೆ ನಮ್ಮದೇ ಲ್ಯಾಬ್ ಭಾಷೆ ಬಳಸ್ತೀನಿ, ಸಹಿಸ್ಕೊಳ್ಳಿ.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳು ನೀಲಿ ಪರದೆ ತೋರಿಸಿ ಕೂತವು. ಏರ್‌ಪೋರ್ಟ್‌ನಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಲಿನಕ್ಸ್ ಮೆಷಿನ್‌ಗಳು ಮಾತ್ರ ಆರಾಮಾಗಿದ್ದವು. ಎಲ್ಲ ಕಡೆ ಒಂದೇ ಸಾಫ್ಟ್‌ವೇರ್ ಇದ್ದರೆ ಒಂದೇ ತಪ್ಪು ಎಲ್ಲ ಕಡೆ ಹೊಡೆಯುತ್ತೆ. ಬ್ರಾಯ್ಲರ್ ಶೆಡ್ ಕೂಡ ಇದೇ ಡಿಸೈನ್. ಪ್ರಪಂಚದ ಬಹುಪಾಲು ಬ್ರಾಯ್ಲರ್ ಕೋಳಿಗಳು ಬೆರಳೆಣಿಕೆಯ ಕಂಪನಿಗಳ ತಳಿಗಳಿಂದ ಬಂದವು. ಬೇಗ ಬೆಳೀಬೇಕು, ಎದೆ ಮಾಂಸ ಹೆಚ್ಚಿರಬೇಕು ಅಂತ ಆರಿಸಿ ಆರಿಸಿ ಮಾಡಿದ ತಳಿ. ಶೆಡ್‌ನಲ್ಲಿರೋ ಐದು ಸಾವಿರ ಕೋಳಿಗೂ ಒಂದೇ ವಯಸ್ಸು, ಹತ್ತಿರ ಹತ್ತಿರ ಒಂದೇ ಜೀನ್. ಒಂದು ಕೋಳಿಗೆ ಸಿಗೋ ಜಾಗ ಸುಮಾರು ಒಂದು ಚದರ ಅಡಿ, ಅಂದರೆ ನೆಲದ ಒಂದು ಟೈಲ್. 35ರಿಂದ 42 ದಿನಕ್ಕೆ ಎರಡು ಕಿಲೋ ತೂಗಿ ಲಾರಿ ಹತ್ತುತ್ತೆ.

ಇಂಥ ಜಾಗಕ್ಕೆ ವೈರಸ್ ಬಂದರೆ ಎರಡು ವಿಷಯ ನಡೆಯುತ್ತೆ.

ಒಂದು, ಕಾಪಿ ಮಾಡುವಾಗಿನ ತಪ್ಪು. ಜ್ವರದ ವೈರಸ್‌ನದ್ದು ಆರ್‌ಎನ್‌ಎ. ಅದು ತನ್ನನ್ನು ತಾನು ಕಾಪಿ ಮಾಡ್ಕೊಳ್ಳುವಾಗ ಎರರ್ ಚೆಕಿಂಗ್ ಇಲ್ಲ. ತಪ್ಪುಗಳು ಉಳೀತಾವೆ. ಹೆಚ್ಚಿನ ತಪ್ಪುಗಳಿಂದ ವೈರಸ್‌ಗೇ ನಷ್ಟ, ಆದರೆ ಲಕ್ಷದಲ್ಲಿ ಒಂದು ಅದಕ್ಕೆ ಲಾಭ ತರುತ್ತೆ. ಕೋಳಿ ಹೆಚ್ಚಿದ್ದಷ್ಟೂ ಕಾಪಿ ಹೆಚ್ಚು, ಕಾಪಿ ಹೆಚ್ಚಾದಷ್ಟೂ ಲಾಟರಿ ಟಿಕೆಟ್ ಹೆಚ್ಚು. ಇದರ ಜೊತೆಗೆ ಈ ವೈರಸ್‌ನ ಜೀನೋಮ್ ಎಂಟು ತುಂಡುಗಳಾಗಿ ಇರುತ್ತೆ. ಒಂದೇ ಪ್ರಾಣಿಗೆ ಎರಡು ಬೇರೆ ಬೇರೆ ಜ್ವರದ ವೈರಸ್ ಒಟ್ಟಿಗೆ ಹೊಕ್ಕರೆ ಆ ತುಂಡುಗಳು ಅದಲು ಬದಲಾಗಿ ಮೂರನೆಯದೊಂದು ಹುಟ್ಟಬಹುದು. ಇಬ್ಬರ ಕೋಡ್‌ನಿಂದ ಫೈಲ್ ಎತ್ತಿ ಹೊಸ ಪ್ರಾಜೆಕ್ಟ್ ಮಾಡೋ ಹಾಗೆ. 2009ರಲ್ಲಿ ಆಗಿದ್ದು ಇದೇ.

ಎರಡು, ಬ್ರೇಕ್ ಇಲ್ಲದ ಓಟ. ಕಾಡಲ್ಲಿ, ಕೆರೆಯಲ್ಲಿ, ಒಂದು ವೈರಸ್ ತನ್ನ ಹಕ್ಕಿಯನ್ನು ಎರಡೇ ದಿನದಲ್ಲಿ ಕೊಂದುಬಿಟ್ಟರೆ ಅದಕ್ಕೇ ನಷ್ಟ. ಮುಂದಿನ ಹಕ್ಕಿ ಸಿಗೋದರೊಳಗೆ ಅದರ ಕಥೆ ಮುಗಿದಿರುತ್ತೆ. ಶೆಡ್‌ನಲ್ಲಿ ಮುಂದಿನ ಕೋಳಿ ಪಕ್ಕದ ಟೈಲ್ ಮೇಲೇ ನಿಂತಿದೆ. ಅಲ್ಲಿ ಬೇಗ ಕೊಲ್ಲೋ ವೈರಸ್‌ಗೆ ಶಿಕ್ಷೆಯೇ ಇಲ್ಲ. ಎಚ್5, ಎಚ್7 ಜಾತಿಯ ಸೌಮ್ಯ ವೈರಸ್‌ಗಳು ಸಾಕುಕೋಳಿಗಳ ಹಿಂಡಿಗೆ ಹೊಕ್ಕ ಮೇಲೆ ಉಗ್ರ ರೂಪ ಪಡೆದಿದ್ದನ್ನು ವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ.

2003ರಿಂದ ಈಚೆಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 900ಕ್ಕೂ ಹೆಚ್ಚು ಜನರಿಗೆ ಎಚ್5ಎನ್1 ಬಂದಿದೆ, ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸತ್ತಿದ್ದಾರೆ. ಸಮಾಧಾನದ ವಿಷಯ ಅಂದರೆ ಅದು ಇನ್ನೂ ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡೋದು ಕಲಿತಿಲ್ಲ. ಕಲೀಲಿಕ್ಕೆ ಅದಕ್ಕೆ ಬೇಕಾಗಿರೋದು ಅವಕಾಶಗಳು. ಆ ಅವಕಾಶಗಳನ್ನು ತಯಾರು ಮಾಡೋದು ನಮ್ಮ ಆರ್ಡರ್‌ಗಳು.

ಇಲ್ಲಿ ಕೆಲವು ಮಾತು ಸರಿಯಾಗಿ ಬೇರ್ಪಡಿಸಿ ಹೇಳಬೇಕು, ಇಲ್ಲದಿದ್ದರೆ ಈ ಲೇಖನ ತಪ್ಪು ಕೈಗೆ ಸಿಗುತ್ತೆ.

ಪ್ರಾಣಿಗಳಿಂದ ಬರೋ ಎಲ್ಲ ರೋಗಕ್ಕೂ ಮಾಂಸ ಕಾರಣ ಅಲ್ಲ. ನಮ್ಮ ರಾಜ್ಯದ್ದೇ ಹೆಸರಿರೋ ಕ್ಯಾಸನೂರು ಕಾಡಿನ ರೋಗ, ಅಂದರೆ ಮಂಗನ ಕಾಯಿಲೆ, 1957ರಲ್ಲಿ ಸೊರಬದ ಕಾಡಲ್ಲಿ ಪತ್ತೆಯಾಯಿತು. ಅದು ಹರಡೋದು ಉಣ್ಣೆ ಹುಳದಿಂದ. ಕಾಡಿನ ಅಂಚು ಒಡೆದಾಗ, ಅಲ್ಲಿ ದನ ಮೇಯಿಸಿದಾಗ ಉಣ್ಣೆಗಳಿಗೆ ರಕ್ತದೂಟ ಸಿಕ್ಕಿ ಹೆಚ್ಚಾಗ್ತವೆ. ಅಲ್ಲಿ ಸಮಸ್ಯೆ ಊಟದ್ದಲ್ಲ, ಕಾಡಿನದ್ದು. ಸಂಡೂರಿನ ಬೆಟ್ಟಗಳನ್ನು ನೋಡಿದವರಿಗೆ ಕಾಡಿನ ಅಂಚು ಒಡೆಯೋದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. 2018ರಲ್ಲಿ ಕೇರಳದ ಕೋಝಿಕೋಡ್‌ಗೆ ಬಂದ ನಿಪಾದಲ್ಲಿ ಹಂದಿಗಳ ಪಾತ್ರವೇ ಇರಲಿಲ್ಲ. 2022ರಲ್ಲಿ ನಮ್ಮ ಹಳ್ಳಿಗಳ ಹಸು ಎತ್ತುಗಳನ್ನು ಕೊಂದ ಚರ್ಮಗಂಟು ರೋಗ ಮನುಷ್ಯರಿಗೆ ಬರೋದೇ ಇಲ್ಲ.

ಹಾಗೇ, ಬೇಯಿಸಿದ ಚಿಕನ್‌ನಿಂದ ಹಕ್ಕಿಜ್ವರ ಬರಲ್ಲ. ಮಾಂಸದ ಒಳಭಾಗ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ವೈರಸ್ ಸಾಯುತ್ತೆ. ನಮ್ಮ ಸಾರು ಅದಕ್ಕಿಂತ ಎಷ್ಟೋ ಹೆಚ್ಚು ಕುದೀತದೆ. ಅಪಾಯ ಇರೋದು ತಟ್ಟೆಯಲ್ಲಲ್ಲ, ಶೆಡ್‌ನಲ್ಲಿ, ಲಾರಿಯಲ್ಲಿ, ಅಂಗಡಿಯ ಪಂಜರದಲ್ಲಿ. ಅಂದರೆ ಮೊದಲ ಏಟು ಬೀಳೋದು ತಿನ್ನೋ ನಮಗಲ್ಲ, ಕೋಳಿ ಹಿಡಿಯೋ, ಕೊಯ್ಯೋ, ಗೊಬ್ಬರ ಬಾಚೋ ಕೈಗಳಿಗೆ. ನಮ್ಮಲ್ಲಿ ಬಹಳ ಜನಕ್ಕೆ ಈ ವ್ಯತ್ಯಾಸ ಗೊತ್ತಿಲ್ಲದ್ದಕ್ಕೆ ಹಕ್ಕಿಜ್ವರದ ಸುದ್ದಿ ಬಂದಾಗ ಹದಿನೈದು ದಿನ ಚಿಕನ್ ಬಿಡ್ತಾರೆ, ಹದಿನಾರನೇ ದಿನ ಕಬಾಬ್ ಅಂಗಡಿ ಮುಂದೆ ನಿಂತಿರ್ತಾರೆ. ಇದರಿಂದ ವೈರಸ್‌ಗೆ ಏನೂ ಆಗಲ್ಲ. ರೈತ ಮಾತ್ರ ಮುಳುಗ್ತಾನೆ. 2020ರ ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಬರುತ್ತೆ ಅನ್ನೋ ಸುಳ್ಳು ವಾಟ್ಸಾಪ್ ಸುದ್ದಿಗೆ ರೇಟ್ ಬಿದ್ದು, ಗೋಕಾಕದ ಕಡೆ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಹೂತ ವಿಡಿಯೋ ನೀವೂ ನೋಡಿರಬಹುದು. ಹೆದರಿ ಬಿಡೋದು ಬೇರೆ, ಯೋಚಿಸಿ ಕಡಿಮೆ ಮಾಡೋದು ಬೇರೆ.

"ಹಾಗಾದ್ರೆ ನಾಟಿ ಕೋಳಿ ತಿಂದರಾಯ್ತು" ಅನ್ನೋದು ಇನ್ನೊಂದು ಸುಲಭದ ಉತ್ತರ. ಅದೂ ಪೂರ್ತಿ ಸರಿ ಅಲ್ಲ. ವರದಹಳ್ಳಿಯಲ್ಲಿ ರೋಗ ಕಂಡಿದ್ದು ಊರಲ್ಲಿ ಸಾಕಿದ ಕೋಳಿಗಳಲ್ಲೇ. ಹಿತ್ತಲ ಕೋಳಿ ಹೊರಗೆ ತಿರುಗುತ್ತೆ, ಕೆರೆಗೆ ಹೋಗುತ್ತೆ, ಕಾಡುಹಕ್ಕಿ ಹಿಕ್ಕೆ ತುಳಿಯುತ್ತೆ. ವೈರಸ್ ಅಲ್ಲಿಗೆ ಹೊಕ್ಕೋದು ಶೆಡ್‌ಗಿಂತ ಸುಲಭ. ಆದರೆ ಹತ್ತು ಕೋಳಿ ಸತ್ತ ಮೇಲೆ ಅದಕ್ಕೆ ಮುಂದೆ ದಾರಿ ಇಲ್ಲ. ಶೆಡ್‌ನಲ್ಲಿ ಐದು ಸಾವಿರ ದಾರಿ ಇದೆ. ಒಳಗೆ ಬರೋ ಬಾಗಿಲು ಎಷ್ಟು ದೊಡ್ಡದು ಅನ್ನೋದು ಒಂದು ಲೆಕ್ಕ, ಬಂದ ಮೇಲೆ ಎಷ್ಟು ದೂರ ಓಡಬಹುದು ಅನ್ನೋದು ಇನ್ನೊಂದು. ಕಾಡುಹಕ್ಕಿಗಳ ಮೇಲೆ ತಪ್ಪು ಹೊರಿಸೋಕೂ ಆಗಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸಾರ್ ತಾಣ ಆಯ್ತು, ವಿಜಯನಗರ ಜಿಲ್ಲೆಗೆ ಅದು ಹೆಮ್ಮೆ. ಅಲ್ಲಿಗೆ ವಲಸೆ ಹಕ್ಕಿಗಳು ಬರೋದು ಬ್ರಾಯ್ಲರ್ ಅನ್ನೋ ಪದ ಹುಟ್ಟೋಕೆ ಮುಂಚೆಯೇ ಶುರುವಾದ ಕ್ರಮ. ಹಕ್ಕಿಗಳು ಬದಲಾಗಿಲ್ಲ. ಅವುಗಳ ದಾರಿಯಲ್ಲಿ ನಾವು ಕಟ್ಟಿರೋದು ಬದಲಾಗಿದೆ.

ಎಷ್ಟು ಬದಲಾಗಿದೆ? 2018ರಲ್ಲಿ ಬಂದ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ ಭೂಮಿ ಮೇಲಿನ ಎಲ್ಲ ಹಕ್ಕಿಗಳನ್ನು ತಕ್ಕಡಿಗೆ ಹಾಕಿದರೆ ತೂಕದಲ್ಲಿ ಸುಮಾರು ಶೇ 70 ಭಾಗ ನಾವು ಸಾಕಿದ ಕೋಳಿ ಬಾತುಗಳದ್ದೇ. ಉಳಿದ ಹದ್ದು, ಗುಬ್ಬಿ, ನವಿಲು, ಕೊಕ್ಕರೆ ಎಲ್ಲ ಸೇರಿ ಶೇ 30. ಪ್ರಪಂಚ ವರ್ಷಕ್ಕೆ ಕೊಲ್ಲೋ ಕೋಳಿ 7,000 ಕೋಟಿಗೂ ಹೆಚ್ಚು.

ಈ ಸಂಖ್ಯೆ ತಲೆಯಲ್ಲಿಟ್ಟುಕೊಂಡು ಒಮ್ಮೆ ಹಂಪಿಗೆ ಬನ್ನಿ. ಹಂಪಿ ಅಂದ ಕೂಡಲೇ ಕೆಲವರಿಗೆ ಹಿಂದಿನ ಕಾಲದಲ್ಲಿ ಎಲ್ಲರೂ ಸಸ್ಯಾಹಾರಿಗಳಾಗಿದ್ದರು ಅನ್ನೋ ಚಿತ್ರ ಬರುತ್ತೆ. 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬೇರೆಯದನ್ನೇ ಹೇಳ್ತಾನೆ. ಇಲ್ಲಿನ ರಾಜರು ದನದ ಮಾಂಸ ಬಿಟ್ಟು ಕುರಿ, ಹಂದಿ, ಜಿಂಕೆ, ಮೊಲ, ಕೌಜುಗ, ಪಾರಿವಾಳ ಎಲ್ಲ ತಿನ್ನುತ್ತಾರೆ, ಗುಬ್ಬಿ, ಇಲಿ, ಬೆಕ್ಕು, ಹಲ್ಲಿ ಜಾತಿಯವೂ ಪೇಟೆಯಲ್ಲಿ ಸಿಗುತ್ತವೆ, ಕೊಳ್ಳುವವರಿಗೆ ಏನು ಕೊಳ್ತಿದ್ದೀವಿ ಅಂತ ಗೊತ್ತಾಗಲಿ ಅಂತ ಎಲ್ಲವನ್ನೂ ಜೀವಂತವಾಗಿಯೇ ಮಾರಬೇಕು ಅಂತ ಬರೆದಿದ್ದಾನೆ. ಇವತ್ತು ವೈರಸ್ ವಿಜ್ಞಾನಿಗಳು ಹೆದರೋ "ಜೀವಂತ ಪ್ರಾಣಿಗಳ ಮಾರುಕಟ್ಟೆ" ಅಂದರೆ ಇದೇ, ಐನೂರು ವರ್ಷದ ಹಿಂದೆ. ಹಾಗಾಗಿ ಮಾಂಸ ತಿನ್ನೋದು ಹೊಸದು ಅನ್ನೋದು ಸುಳ್ಳು. ಆದರೆ "ಆಗಲೂ ತಿಂತಿದ್ರಲ್ಲ, ಈಗೇನು" ಅನ್ನೋದೂ ವಾದ ಅಲ್ಲ. ಆಗ ಒಂದು ಪೇಟೆಯಲ್ಲಿ ಪಂಜರಗಳಿದ್ದವು, ಈಗ ಪ್ರತಿ ಊರಿನ ಹೊರಗೆ ಶೆಡ್ ಇದೆ, ಶೆಡ್‌ನಿಂದ ಶೆಡ್‌ಗೆ ಅದೇ ಲಾರಿ ಓಡುತ್ತೆ, ಲಾರಿಯಿಂದ ವಿಮಾನದವರೆಗೆ ಎಲ್ಲ ಕನೆಕ್ಟ್ ಆಗಿದೆ.

ಪ್ರಾಣಿ ಸಾಕಣೆ ಎಲ್ಲ ಒಂದೇ ಅಲ್ಲ ಅನ್ನೋದಕ್ಕೆ ಕಂಪ್ಲಿ ಕಡೆ ಹೋದರೆ ಸಾಕು. ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿಗಾಹಿಗಳು ಮಂದೆ ಹಾಕ್ತಾರೆ. ಕುರಿಗೆ ಮೇವು, ಗದ್ದೆಗೆ ಗೊಬ್ಬರ. ರೈತ ಅದಕ್ಕೆ ದುಡ್ಡೋ ಕಾಳೋ ಕೊಡ್ತಾನೆ. ಬಯಲಲ್ಲಿ, ಬಿಸಿಲಲ್ಲಿ ತಿರುಗೋ, ಬೇರೆ ಬೇರೆ ವಯಸ್ಸಿನ ಕೆಲವು ನೂರು ಕುರಿಗಳಿಗೂ, ಕತ್ತಲಲ್ಲಿ ಒತ್ತೊತ್ತಾಗಿ ನಿಂತ ಸಾವಿರಾರು ಕೋಳಿಗಳಿಗೂ ಒಂದೇ "ಮಾಂಸ" ಅನ್ನೋ ಲೇಬಲ್ ಹಚ್ಚಿದರೆ ಲೆಕ್ಕ ತಪ್ಪುತ್ತೆ. ಮಟನ್‌ನ ಬೆಲೆಯೇ ಅದಕ್ಕೆ ಲಿಮಿಟ್ ಹಾಕಿದೆ. ಹಬ್ಬದ ಮಾರನೇ ದಿನದ ಕರಿಗೋ, ಬೀಗರು ಬಂದಾಗಲೋ ಮಾಡೋ ಅಡುಗೆ ಅದು. ಅಂಥ ಅಡುಗೆಯನ್ನು ಯಾರೂ ಬಿಡಬೇಕಿಲ್ಲ. ಲಿಮಿಟ್ ಇಲ್ಲದೆ ಬೆಳೆದಿದ್ದು ಚಿಕನ್.

ಅದನ್ನು ತಿಂತಿರೋರು ಯಾರು ಅಂತ ಈಗ ನೋಡೋಣ. ಭಾರತದಲ್ಲಿ ವರ್ಷಕ್ಕೆ ತಲಾ ಸಿಗೋ ಮಾಂಸ ಸುಮಾರು 7 ಕಿಲೋ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು ಅಂತ ಹೇಳೋದು 11 ಕಿಲೋ ಮಾಂಸ, 180 ಮೊಟ್ಟೆ. ನಮಗೆ ತಲಾ ಸಿಗ್ತಿರೋ ಮೊಟ್ಟೆ ನೂರರ ಆಸುಪಾಸು. ಪ್ರಪಂಚದ ಸರಾಸರಿ ಮಾಂಸ 40 ಕಿಲೋ ದಾಟುತ್ತೆ, ಅಮೆರಿಕದ್ದು ನೂರು ದಾಟುತ್ತೆ. ಅಂದರೆ "ಭಾರತೀಯರು ಮಾಂಸ ಕಡಿಮೆ ಮಾಡಿ" ಅನ್ನೋದಕ್ಕೆ ಅರ್ಥವೇ ಇಲ್ಲ.

ಆದರೆ ಸರಾಸರಿ ಅನ್ನೋದು ಏನನ್ನೆಲ್ಲ ಮುಚ್ಚಿಡುತ್ತೆ ಅಂತ ಸ್ಟಾಟಿಸ್ಟಿಕ್ಸ್ ಓದಿದ ನಮಗೆ ಗೊತ್ತು. ನಿಮ್ಮದೇ ಲೆಕ್ಕ ಹಾಕಿ. ಮೆಸ್‌ನಲ್ಲಿ ವಾರಕ್ಕೆ ಎರಡು ಸಲ, ಹೊರಗೆ ಒಂದು ಬಿರಿಯಾನಿ, ಶನಿವಾರ ರಾತ್ರಿ ಕಬಾಬ್. ಸಲಕ್ಕೆ 200 ಗ್ರಾಂ ಅಂದರೂ ವಾರಕ್ಕೆ 800 ಗ್ರಾಂ, ವರ್ಷಕ್ಕೆ 41 ಕಿಲೋ ಚಿಲ್ಲರೆ. ದೇಶದ ಸರಾಸರಿಯ ಹತ್ತಿರ ಹತ್ತಿರ ಆರು ಪಟ್ಟು. ನಾವು ಬಡ ದೇಶದ ಅಂಕಿ ತೋರಿಸಿ ಶ್ರೀಮಂತ ದೇಶದ ಊಟ ಮಾಡ್ತಿದ್ದೀವಿ.

ಇನ್ನೊಂದು ತಟ್ಟೆ ನೋಡಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದರು. ಈ ಭಾಗದ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚು ಅನ್ನೋದೇ ಕಾರಣ. ಆಗ ಎದ್ದ ವಿರೋಧ ನೆನಪಿರಬಹುದು. ಕಂಪ್ಲಿಯಿಂದ ನದಿ ದಾಟಿದರೆ ಸಿಗೋ ಗಂಗಾವತಿಯಲ್ಲಿ ಶಾಲಾ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕೇ ಬೇಕು ಅಂತ ಮೈಕ್ ಮುಂದೆ ದಬಾಯಿಸಿದ ವಿಡಿಯೋ ರಾಜ್ಯವೆಲ್ಲ ಓಡಾಡಿತ್ತು. 2022ರಲ್ಲಿ ಯೋಜನೆ ರಾಜ್ಯಕ್ಕೆಲ್ಲ ಬಂತು, 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನ ಆಯ್ತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಒಳ್ಳೆ ಪ್ರೋಟೀನ್. ಮನೆಯಲ್ಲಿ ಬೇಳೆ ಕೂಡ ಅಳೆದು ಹಾಕೋ ಮಗುವಿಗೆ ಅದು ಸಣ್ಣದಲ್ಲ.

ಮೊಟ್ಟೆ ಕೋಳಿಯೂ ಫಾರಂ ಪಂಜರದಲ್ಲೇ ಇರುತ್ತಲ್ಲ ಅಂತ ಕೇಳಬಹುದು. ಹೌದು, ಇರುತ್ತೆ. ಅದಕ್ಕೇ ನಾನು ಇದನ್ನು ಬ್ಯಾಂಡ್‌ವಿಡ್ತ್ ಲೆಕ್ಕದ ಹಾಗೆ ನೋಡ್ತೀನಿ. ನಾವು ಹೊರಬಹುದಾದ ಅಪಾಯಕ್ಕೆ ಒಂದು ಮಿತಿ ಇದೆ. ಆ ಮಿತಿಯೊಳಗೆ ಮೊದಲ ಪಾಲು ಯಾರಿಗೆ? ಮಗುವಿನ ಮೊಟ್ಟೆಗಾ, ನಮ್ಮ ಒಂದು ಕೊಂಡರೆ ಒಂದು ಫ್ರೀ ಬಕೆಟ್‌ಗಾ? ವೈರಸ್‌ನ ಹೆಸರಲ್ಲಿ ಮೊದಲು ಕೈ ಹಾಕೋದು ಶಾಲೆಯ ತಟ್ಟೆಗೆ ಅಂದರೆ ಅದು ವಿಜ್ಞಾನ ಅಲ್ಲ. ನಮ್ಮ ತಟ್ಟೆ ಹಗುರಾದಷ್ಟು ಆ ತಟ್ಟೆಗೆ ಜಾಗ ಆಗುತ್ತೆ.

ಸಸ್ಯಾಹಾರಿ ಗೆಳೆಯರೇ, ನೀವೂ ಈ ಲೇಖನವನ್ನು "ನೋಡ್ರೋ, ಅದಕ್ಕೇ ನಾವು ತಿನ್ನಲ್ಲ" ಅಂತ ಸ್ಟೇಟಸ್ ಹಾಕಬೇಡಿ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಎಚ್5ಎನ್1 ಹಾಲು ಕೊಡೋ ಹಸುಗಳಲ್ಲಿ ಕಾಣಿಸಿಕೊಂಡಿತು, ಹಸಿ ಹಾಲಲ್ಲೂ ವೈರಸ್ ಸಿಕ್ಕಿತು, ಹಾಲು ಕರೆಯೋ ಕೆಲಸಗಾರರಿಗೂ ಸೋಂಕು ಬಂತು. ಪಾಶ್ಚರೈಸ್ ಮಾಡಿದರೆ, ಕುದಿಸಿದರೆ ವೈರಸ್ ಸಾಯುತ್ತೆ ಅನ್ನೋದು ಬೇರೆ ಮಾತು. ಪನೀರ್ ಕೂಡ ಪ್ರಾಣಿ ಸಾಕಣೆಯಿಂದಲೇ ಬರೋದು. ಇದು ಜಾತಿ, ಮಡಿ, ಶ್ರೇಷ್ಠತೆಯ ವಿಷಯ ಅಲ್ಲ. ಎಷ್ಟು ಪ್ರಾಣಿಗಳನ್ನು ಎಷ್ಟು ಒತ್ತೊತ್ತಾಗಿ ಇಟ್ಟಿದ್ದೀವಿ ಅನ್ನೋ ವಿಷಯ.

ಹಾಗಾದರೆ ರೈತನ ಗತಿ? ಇದು ನನಗೆ ಅತಿ ಕಷ್ಟದ ಪ್ರಶ್ನೆ ಅನ್ನಿಸಿದ್ದು. ಈಗ ಹೆಚ್ಚಿನ ಬ್ರಾಯ್ಲರ್ ಫಾರಂಗಳು ಗುತ್ತಿಗೆ ಪದ್ಧತಿಯವು. ಮರಿ, ಮೇವು, ಔಷಧಿ ಕಂಪನಿಯದ್ದು. ಶೆಡ್, ಕರೆಂಟು, ನೀರು, ದುಡಿಮೆ ರೈತನದ್ದು. ಅವನಿಗೆ ಸಿಗೋದು ಕಿಲೋ ಲೆಕ್ಕದ ಸಾಕುಕೂಲಿ. ಶೆಡ್‌ಗೆ ಸಾಲ ತೆಗೆದಿರ್ತಾನೆ. ಪಕ್ಕದ ಹೊಲದಲ್ಲಿ ಬೆಳೆಯೋ ಮೆಕ್ಕೆಜೋಳದ ದೊಡ್ಡ ಪಾಲೂ ಕೋಳಿ ಮೇವಿಗೇ ಹೋಗೋದು. ಹಕ್ಕಿಜ್ವರ ಬಂದಾಗ ಸರ್ಕಾರದ ಪರಿಹಾರ ಸಿಗೋದು ಕೊಲ್ಲಿಸಿದ ಕೋಳಿಗೆ, ರೋಗದಿಂದ ಮೊದಲೇ ಸತ್ತದ್ದಕ್ಕೆ ಅಲ್ಲ. ಬೇಗ ತಿಳಿಸಲಿ ಅನ್ನೋದು ಆ ನಿಯಮದ ಉದ್ದೇಶ. ಆದರೆ ಪರಿಹಾರ ತಡವಾಗಿ, ಕಡಿಮೆಯಾಗಿ ಬಂದರೆ ರೈತನಿಗೆ ಮುಚ್ಚಿಡೋ ಆಸೆ ಆಗೋದು ಸಹಜ. ಒಂದು ಶೆಡ್‌ನಲ್ಲಿ ಮುಚ್ಚಿಟ್ಟ ರೋಗ ಹತ್ತು ಶೆಡ್‌ಗೆ ಹೋಗುತ್ತೆ. ಹಾಗಾಗಿ ವೈರಸ್ ತಡೆಯೋ ಮೊದಲ ಸಾಧನ ಲಸಿಕೆಯೂ ಅಲ್ಲ, ನಮ್ಮ ಉಪವಾಸವೂ ಅಲ್ಲ. ಸತ್ತ ಕೋಳಿ ಹಿಡ್ಕೊಂಡು ಪಶು ಆಸ್ಪತ್ರೆಗೆ ಬರೋ ರೈತನಿಗೆ ಇದರಿಂದ ನಾನು ಮುಳುಗಲ್ಲ ಅನ್ನೋ ನಂಬಿಕೆ. ಅದನ್ನು ಕೊಡಬೇಕಾದದ್ದು ಸರ್ಕಾರ ಮತ್ತು ಕಂಪನಿಗಳು. ಅದಕ್ಕಾಗಿ ಒತ್ತಾಯಿಸಬೇಕಾದವರು ತಿನ್ನೋರು.

ಬೇಡಿಕೆ ಒಂದೇ ದಿನ ಬೀಳೋದರಿಂದ ರೈತ ಸಾಯ್ತಾನೆ. ನಿಧಾನಕ್ಕೆ ಇಳಿದರೆ, ಇಳಿದಷ್ಟಕ್ಕೆ ಒಳ್ಳೆ ರೇಟ್ ಸಿಕ್ಕರೆ, ಶೆಡ್‌ನಲ್ಲಿ ಐದು ಸಾವಿರದ ಬದಲು ಮೂರು ಸಾವಿರ ಕೋಳಿ ಇಟ್ಟೂ ಬದುಕಬಹುದು. ಅಂದರೆ ಕಡಿಮೆ ತಿನ್ನೋದರ ಜೊತೆ, ತಿಂದದ್ದಕ್ಕೆ ಸ್ವಲ್ಪ ಹೆಚ್ಚು ಕೊಡೋಕೂ ತಯಾರಿರಬೇಕು. ನಮಗೆ ಕೇಳೋಕೆ ಇಷ್ಟ ಆಗದ ಭಾಗ ಇದೇ.

ನಮ್ಮ ಕ್ಯಾಂಪಸ್‌ನಲ್ಲಿ ಏನು ಮಾಡಬಹುದು? ಉದಾಹರಣೆಗೆ 300 ಜನರ ಮೆಸ್ ಅಂದುಕೊಳ್ಳಿ. ವಾರಕ್ಕೆ ಎರಡು ಚಿಕನ್ ದಿನದಲ್ಲಿ ಒಂದನ್ನು ಬಿಟ್ಟರೆ, ತಲಾ 150 ಗ್ರಾಂ ಲೆಕ್ಕದಲ್ಲಿ 45 ಕಿಲೋ. ಸ್ವಚ್ಛ ಮಾಡಿದ ಕೋಳಿ ಒಂದೂವರೆ ಕಿಲೋ ಅಂದರೆ ವಾರಕ್ಕೆ 30 ಕೋಳಿ, ಎರಡು ಸೆಮಿಸ್ಟರ್‌ನ 40 ವಾರಕ್ಕೆ 1,200. ಇಷ್ಟರಿಂದ ಯಾವ ಮಹಾಮಾರಿಯೂ ನಿಲ್ಲಲ್ಲ, ನಾನೂ ಹಾಗೆ ಹೇಳಲ್ಲ. ಆದರೆ ವಾರಕ್ಕೆ ನೂರಾರು ಪ್ಲೇಟ್ ಆರ್ಡರ್ ಮಾಡೋ ಮೆಸ್‌ಗೆ ಒಬ್ಬ ಗಿರಾಕಿಗಿಲ್ಲದ ಶಕ್ತಿ ಇದೆ. ಮೆಸ್ ಕಮಿಟಿ ಸಪ್ಲೈಯರ್‌ಗೆ ಮೂರು ಪ್ರಶ್ನೆ ಕೇಳಲಿ: ಕೋಳಿ ಯಾವ ಫಾರಂನಿಂದ ಬರುತ್ತೆ? ಕೊಯ್ಯೋರಿಗೆ ಗ್ಲೌಸ್, ಸೋಪು, ನೀರು ಇದೆಯಾ? ತ್ಯಾಜ್ಯ ಎಲ್ಲಿಗೆ ಹೋಗುತ್ತೆ? ಕಾಲುವೆ ಪಕ್ಕ ಗೋಣಿಚೀಲದಲ್ಲಿ ರೆಕ್ಕೆ ಪುಕ್ಕ ಬಿದ್ದಿರೋದು, ಅದನ್ನು ನಾಯಿ ಎಳೆಯೋದು ಯಾರೂ ನೋಡದ ದೃಶ್ಯವೇನಲ್ಲ. ಚಿಕನ್ ಬಿಟ್ಟ ದಿನಕ್ಕೆ ಮೊಳಕೆಕಾಳಿನ ಸಾರು, ಶೇಂಗಾ, ಸೋಯಾ, ಕೆಲವೊಮ್ಮೆ ಡ್ಯಾಮ್‌ನ ಮೀನು ಕೇಳೋಣ. ಟಿಬಿ ಡ್ಯಾಮ್ ಪಕ್ಕ ಇದ್ದುಕೊಂಡು ಮೆಸ್‌ನಲ್ಲಿ ವರ್ಷಕ್ಕೆ ಒಮ್ಮೆಯೂ ಮೀನು ಇಲ್ಲ ಅನ್ನೋದು ಹೇಗೂ ಅನ್ಯಾಯವೇ.

ಪ್ರಾಜೆಕ್ಟ್ ಟಾಪಿಕ್ ಹುಡುಕ್ತಿರೋ ಸೀನಿಯರ್‌ಗಳಿಗೂ ಒಂದು ಮಾತು. ಇನ್ನೊಂದು ಸ್ಮಾರ್ಟ್ ಡಸ್ಟ್‌ಬಿನ್ ಬೇಡ. ಕೋಳಿಗಳು ಕುಡಿಯೋ ನೀರು, ಅವುಗಳ ಸದ್ದು, ಶೆಡ್‌ನ ಬಿಸಿ ಇವನ್ನು ಅಳೆದು, ರೋಗ ಶುರುವಾದ ಮೊದಲ ದಿನವೇ ರೈತನ ಫೋನಿಗೆ ಕನ್ನಡದಲ್ಲಿ ಎಚ್ಚರಿಕೆ ಕಳಿಸೋ ಕಡಿಮೆ ಬೆಲೆಯ ಸಾಧನ ಮಾಡಿ. ಚಿಕನ್ ಅಂಗಡಿಯ ತ್ಯಾಜ್ಯವನ್ನು ಸುರಕ್ಷಿತವಾಗಿ ಗೊಬ್ಬರವೋ ಗ್ಯಾಸೋ ಮಾಡೋ ಸಣ್ಣ ಘಟಕ ಮಾಡಿ. ಗಿರಾಕಿ ಬೇಕು ಅಂದರೆ ಸಂಡೂರು ರಸ್ತೆಯಲ್ಲೇ ಸಿಗ್ತಾರೆ.

ಕುರೇಕುಪ್ಪದ ಸುದ್ದಿ ಪೇಪರ್‌ನಿಂದ ಮರೆಯಾಗಿದೆ, ನಮ್ಮ ಮೆನು ಹಳೇದಕ್ಕೇ ವಾಪಸ್ ಬಂದಿದೆ. ಮುಂದಿನ ತಿಂಗಳ ಮೆಸ್ ಕಮಿಟಿ ಮೀಟಿಂಗ್‌ನಲ್ಲಿ ನಾನು ಬುಧವಾರದ ಚಿಕನ್ ತೆಗೆಯೋ ಪ್ರಸ್ತಾಪ ಇಡ್ತೀನಿ, ಭಾನುವಾರದ್ದು ಹಾಗೇ ಇರಲಿ. ಒಪ್ಪದವರು ಬಂದು ಜಗಳ ಆಡಿ. ಬರುವಾಗ ನಿಮ್ಮ ವಾರದ ಲೆಕ್ಕ ಬರ್ಕೊಂಡು ಬನ್ನಿ, ಮುತ್ತಾತನ ಲೆಕ್ಕ ಬೇಡ.